ದರ್ಜೆ ಒಂದು, ಹುದ್ದೆ ಇನ್ನೊಂದು: ಹಳೆಯ ಹಾರಾಟಪಡೆಯ ಬಗ್ಗೆ ಓದುಗರ ಪ್ರಶ್ನೆಗಳು

ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಹಾರಾಟಪಡೆ ರಾಯಲ್ ಫ್ಲೈಯಿಂಗ್ ಕೋರ್, ಅಂದರೆ ಆರ್‌ಎಫ್‌ಸಿ. ಅದರ ಅಧಿಕಾರಿಗಳ ಬಗ್ಗೆ ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಗಡಿಯಾಚೆಯ ಕನ್ನಡಿಗರವು. ಪ್ರಶ್ನೆಗಳನ್ನು ಮೊಟಕುಗೊಳಿಸಿದ್ದೇವೆ, ಉತ್ತರಗಳನ್ನಲ್ಲ.

ಬದಿಯಡ್ಕದಿಂದ ಒಬ್ಬ ಅಧ್ಯಾಪಕರು: ಶಾಲೆಯ ರಸಪ್ರಶ್ನೆಗೆ ತಯಾರಿ ಮಾಡುತ್ತಿದ್ದೇನೆ. ಆರ್‌ಎಫ್‌ಸಿಯ ಮುಖ್ಯಸ್ಥರಾಗಿದ್ದ ಹ್ಯೂ ಟ್ರೆಂಚರ್ಡ್ ಒಂದು ಕಡೆ ಮೇಜರ್, ಇನ್ನೊಂದು ಕಡೆ ಮೇಜರ್ ಜನರಲ್, ಮತ್ತೊಂದು ಕಡೆ ಏರ್ ಮಾರ್ಷಲ್. ನೈಜೀರಿಯಾದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು ಊರಿಗೆ ಮರಳಿದ ಮೇಲೆ ಬರೀ ಮೇಜರ್! ಹಿಂಬಡ್ತಿ ಕೊಟ್ಟರೇ?

ಹಿಂಬಡ್ತಿ ಅಲ್ಲ ಮಾಸ್ತರೇ. ನಿಮ್ಮ ಶಾಲೆಯಲ್ಲಿ ಹೆಡ್ಮಾಸ್ಟರು ದೀರ್ಘ ರಜೆ ಹಾಕಿದಾಗ ಒಬ್ಬರು ಇನ್‌ಚಾರ್ಜ್ ಆಗುತ್ತಾರಲ್ಲ, ಸಹಿ ಅವರದೇ, ಕುರ್ಚಿಯೂ ಅವರದೇ. ರಜೆ ಮುಗಿದ ಮಾರನೆ ದಿನ ಮತ್ತೆ ಸಹಾಯಕ ಅಧ್ಯಾಪಕರು. ಬ್ರಿಟಿಷ್ ಸೈನ್ಯದಲ್ಲಿ ಇದಕ್ಕೆ ‘ಟೆಂಪರರಿ’ ದರ್ಜೆ ಎಂದು ಹೆಸರು. ಹುದ್ದೆ ಬಿಟ್ಟರೆ ದರ್ಜೆಯೂ ಹೋಯಿತು. ಇದಲ್ಲದೆ ಆಗ ‘ಬ್ರೆವೆಟ್’ ಎಂಬುದೊಂದಿತ್ತು. ಒಳ್ಳೆಯ ಸೇವೆಗೆ ಸೈನ್ಯ ಮೇಲಿನ ದರ್ಜೆಯ ಗೌರವ ಕೊಡುತ್ತಿತ್ತು, ಆದರೆ ಸ್ವಂತ ರೆಜಿಮೆಂಟಿನ ಪಟ್ಟಿಯಲ್ಲಿ ಅವನು ಇದ್ದ ಜಾಗದಲ್ಲೇ ಇರುತ್ತಿದ್ದ. ಮೂರನೆಯದು ಖಾಯಂ ದರ್ಜೆ. ಒಬ್ಬನೇ ಮನುಷ್ಯ ಒಂದೇ ದಿನ ಖಾಯಂ ಕ್ಯಾಪ್ಟನ್, ಬ್ರೆವೆಟ್ ಮೇಜರ್, ಟೆಂಪರರಿ ಲೆಫ್ಟಿನೆಂಟ್ ಕರ್ನಲ್ ಆಗಿರಬಹುದಿತ್ತು. ಪುಸ್ತಕ ಬರೆದವರು ಈ ಮೂರರಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಮುಂದೆ ಹೋಗುತ್ತಾರೆ.

ಟ್ರೆಂಚರ್ಡ್ ವಿಷಯಕ್ಕೇ ಬರೋಣ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಫೇಲಾಗಿ, 1893ರಲ್ಲಿ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್‌ಗೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿ ಭಾರತಕ್ಕೆ ಬಂದವರು. 1900ರಲ್ಲಿ ಬೋಯರ್ ಯುದ್ಧದಲ್ಲಿ ಎದೆಗೆ ಗುಂಡು ಬಿದ್ದು ಒಂದು ಶ್ವಾಸಕೋಶ ಹಾಳಾಯಿತು. 1902ರಲ್ಲಿ ಬ್ರೆವೆಟ್ ಮೇಜರ್. 1903ರಿಂದ 1910ರವರೆಗೆ ದಕ್ಷಿಣ ನೈಜೀರಿಯಾ. ಅಲ್ಲಿನ ರೆಜಿಮೆಂಟಿನ ಮುಖ್ಯಸ್ಥನ ಹುದ್ದೆಗೆ ಅಂಟಿಕೊಂಡು ಬಂದದ್ದು ಲೆಫ್ಟಿನೆಂಟ್ ಕರ್ನಲ್ ದರ್ಜೆ. ಹುದ್ದೆ ಬಿಟ್ಟು ಐರ್ಲೆಂಡಿನಲ್ಲಿದ್ದ ತಮ್ಮ ಬೆಟಾಲಿಯನ್‌ಗೆ ಬಂದಾಗ ಮೇಜರ್. ಅಷ್ಟೇ ಕಥೆ.

ಹಾರಾಟಪಡೆಯ ತರಬೇತಿ ಶಾಲೆಯಾದ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲಿಗೆ ಸೇರಲು 40 ವರ್ಷದ ಮಿತಿ ಇತ್ತು. ಟ್ರೆಂಚರ್ಡ್ ಹುಟ್ಟಿದ್ದು 1873ರ ಫೆಬ್ರವರಿ 3ಕ್ಕೆ. ಆದ್ದರಿಂದ 1912ರ ಬೇಸಿಗೆಯಲ್ಲಿ ಅವಸರದಿಂದ ಬ್ರೂಕ್‌ಲ್ಯಾಂಡ್ಸ್‌ನ ಸಾಪ್‌ವಿತ್ ಶಾಲೆಗೆ ಹೋಗಿ, ಎರಡು ವಾರದೊಳಗೆ, ಒಟ್ಟು ಒಂದು ಗಂಟೆ ನಾಲ್ಕು ನಿಮಿಷದ ಹಾರಾಟದಲ್ಲಿ ರಾಯಲ್ ಏರೋ ಕ್ಲಬ್ಬಿನ 270ನೇ ಸರ್ಟಿಫಿಕೇಟ್ ಪಡೆದರು. ಆಗಿನ ಕ್ರಮವೇ ಹಾಗೆ: ಅಧಿಕಾರಿ ಮೊದಲು ಕೈಯಿಂದ ಹಣ ಹಾಕಿ ಖಾಸಗಿ ಶಾಲೆಯಲ್ಲಿ ಕಲಿಯಬೇಕು, ಪಾಸಾಗಿ ಪಡೆಗೆ ಆಯ್ಕೆಯಾದರೆ ಸರಕಾರ 75 ಪೌಂಡ್ ಹಿಂದಿರುಗಿಸುತ್ತದೆ.

ಸರ್ಟಿಫಿಕೇಟಿನ ಪರೀಕ್ಷೆ ಈಗ ಕೇಳಿದರೆ ನಗು ಬರುತ್ತದೆ. 500 ಮೀಟರಿಗಿಂತ ಹೆಚ್ಚು ಅಂತರವಿಲ್ಲದ ಎರಡು ಕಂಬ. ಅವುಗಳ ಸುತ್ತ ಇಂಗ್ಲಿಷ್ ಎಂಟರ ಆಕಾರದಲ್ಲಿ, ಅಂದರೆ ಒಂದು ಕಂಬಕ್ಕೆ ಎಡಕ್ಕೆ ತಿರುಗಿದರೆ ಇನ್ನೊಂದಕ್ಕೆ ಬಲಕ್ಕೆ ತಿರುಗುತ್ತ, 5 ಕಿಲೋಮೀಟರಿನ ಎರಡು ಹಾರಾಟ. ಒಮ್ಮೆ 50 ಮೀಟರ್ ಎತ್ತರ ಏರಬೇಕು. ಇಳಿಯುವಾಗ ನೆಲ ಮುಟ್ಟುವ ಹೊತ್ತಿಗೆ ಎಂಜಿನ್ ನಿಂತಿರಬೇಕು, ಗುರುತು ಹಾಕಿದ ಜಾಗದಿಂದ 50 ಮೀಟರಿನೊಳಗೆ ವಿಮಾನ ನಿಲ್ಲಬೇಕು. 50 ಮೀಟರ್ ಎಂದರೆ ನಾಲ್ಕು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟೂ ಇಲ್ಲ. ಎರಡೂ ಕಡೆಗೆ ತಿರುಗಿಸಲೇಬೇಕೆಂಬ ನಿಯಮ ಮಾತ್ರ ಸುಮ್ಮನೆ ಇಟ್ಟದ್ದಲ್ಲ. ಒಂದೇ ಕಡೆಗೆ ತಿರುಗಿಸಲು ಬರುವವನು ಎಲ್ಲಾ ಶಾಲೆಯಲ್ಲೂ ಇರುತ್ತಿದ್ದ.

ಆಮೇಲಿನದು ಬೇಗ ಹೇಳಬಹುದು. 1914ರ ಆಗಸ್ಟ್‌ನಲ್ಲಿ ಫಾರ್ನ್‌ಬರೋದ ಮಿಲಿಟರಿ ವಿಂಗ್, ನವೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ಒಂದನೇ ವಿಂಗ್ (ಕೆಲವು ಸ್ಕ್ವಾಡ್ರನ್, ಅಂದರೆ ವಿಮಾನದಳ, ಕೂಡಿದ ಗುಂಪು), 1915ರ ಆಗಸ್ಟ್‌ನಿಂದ ಫ್ರಾನ್ಸಿನ ಇಡೀ ಆರ್‌ಎಫ್‌ಸಿ ಅವರ ಕೈಕೆಳಗೆ. 1918ರ ಜನವರಿಯಲ್ಲಿ ವಾಯುಪಡೆಯ ಮೊದಲ ಮುಖ್ಯಸ್ಥ, ಅಂದರೆ ಚೀಫ್ ಆಫ್ ದಿ ಏರ್ ಸ್ಟಾಫ್. ಆಗ ಅವರ ದರ್ಜೆ ಮೇಜರ್ ಜನರಲ್. ರಾಯಲ್ ಏರ್ ಫೋರ್ಸ್, ಅಂದರೆ ಆರ್‌ಎಎಫ್, ಹುಟ್ಟಿದ್ದು 1918ರ ಏಪ್ರಿಲ್ 1ಕ್ಕೆ. ಟ್ರೆಂಚರ್ಡ್ ಅಷ್ಟರಲ್ಲಿ ರಾಜೀನಾಮೆ ಪತ್ರ ಕೊಟ್ಟಾಗಿತ್ತು, ಅದು ಅಂಗೀಕಾರವಾದದ್ದು ಏಪ್ರಿಲ್ ನಡುವಿನಲ್ಲಿ. ರಸಪ್ರಶ್ನೆಯಲ್ಲಿ ‘ಆ ದಿನ ಮುಖ್ಯಸ್ಥ ಯಾರು’ ಎಂದು ಕೇಳಿದರೆ ಉತ್ತರ ಟ್ರೆಂಚರ್ಡ್ ಅವರೇ, ಮಕ್ಕಳು ಅವರ ನಂತರ ಬಂದ ಸೈಕ್ಸ್ ಎಂದು ವಾದಿಸಿದರೆ ಬಿಡಬೇಡಿ. 1919ರಲ್ಲಿ ಅದೇ ಕುರ್ಚಿಗೆ ಮರಳಿದರು. ಏರ್ ಮಾರ್ಷಲ್ ಆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಅದಕ್ಕೆ ಮೊದಲು ಆ ದರ್ಜೆಯೇ ಇರಲಿಲ್ಲ.

ಈ 1919ರ ಆಗಸ್ಟ್ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅದಕ್ಕೆ ಮೊದಲು ‘ಫ್ಲೈಯಿಂಗ್ ಆಫೀಸರ್’, ‘ಫ್ಲೈಟ್ ಕಮಾಂಡರ್’, ‘ಸ್ಕ್ವಾಡ್ರನ್ ಕಮಾಂಡರ್’, ‘ವಿಂಗ್ ಕಮಾಂಡರ್’ ಎಲ್ಲ ಆರ್‌ಎಫ್‌ಸಿಯಲ್ಲಿ ಹುದ್ದೆಗಳ ಹೆಸರು, ದರ್ಜೆ ಸೈನ್ಯದ್ದೇ. ಫ್ಲೈಟ್ ಕಮಾಂಡರ್ ಸಾಮಾನ್ಯವಾಗಿ ಕ್ಯಾಪ್ಟನ್, ಸ್ಕ್ವಾಡ್ರನ್ ಕಮಾಂಡರ್ ಮೇಜರ್, ವಿಂಗ್ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್. 1919ರ ಆಗಸ್ಟ್‌ನಿಂದ ಲೆಫ್ಟಿನೆಂಟ್ ಇದ್ದವನು ಫ್ಲೈಯಿಂಗ್ ಆಫೀಸರ್ ಆದ, ಕ್ಯಾಪ್ಟನ್ ಫ್ಲೈಟ್ ಲೆಫ್ಟಿನೆಂಟ್ ಆದ, ಮೇಜರ್ ಸ್ಕ್ವಾಡ್ರನ್ ಲೀಡರ್. ನಮ್ಮ ವಾಯುಪಡೆಯಲ್ಲಿ ಇವತ್ತಿಗೂ ಇವೇ ಹೆಸರು. ಹಾಗಾಗಿ 1916ರ ಕಾಗದದಲ್ಲಿ ‘ಫ್ಲೈಯಿಂಗ್ ಆಫೀಸರ್’ ಎಂದು ಕಂಡರೆ ಅದು ಅವನ ಕೆಲಸ, 1920ರ ಕಾಗದದಲ್ಲಿ ಕಂಡರೆ ಅವನ ದರ್ಜೆ.

ನೀರ್ಚಾಲಿನಿಂದ ಒಂದು ನಾಟಕ ತಂಡ: ವಾರ್ಷಿಕೋತ್ಸವಕ್ಕೆ 1917ರಲ್ಲಿ ನಡೆಯುವ ನಾಟಕ. ಹಾರಾಟಪಡೆಯ ಅಧಿಕಾರಿಯೊಬ್ಬನ ಪಾತ್ರ ಇದೆ. ನೀಲಿ ಬಟ್ಟೆ ತಂದಿದ್ದೇವೆ, ಬೆನ್ನಿಗೆ ಪ್ಯಾರಾಚೂಟಿನ ಚೀಲವೂ ತಯಾರಾಗಿದೆ. ಬೇರೆ ಏನು ಬೇಕು?

ನೀಲಿ ಬಟ್ಟೆ ವಾಪಸು ಕೊಡಿ, ಚೀಲವನ್ನು ಚೌಕಿಯಲ್ಲೇ ಬಿಡಿ. 1917ರಲ್ಲಿ ಆರ್‌ಎಫ್‌ಸಿಯ ಬಣ್ಣ ಖಾಕಿ. ನೀಲಿ ಬಂದದ್ದು ವಾಯುಪಡೆ ಬೇರೆಯಾದ ಮೇಲೆ. ಬ್ರಿಟಿಷ್ ವಿಮಾನದ ಪೈಲಟ್‌ಗಳಿಗೆ ಆಗ ಪ್ಯಾರಾಚೂಟ್ ಕೊಡುತ್ತಿರಲಿಲ್ಲ, ಇದ್ದದ್ದು ಬಲೂನಿನಲ್ಲಿ ಕೂತು ನೋಡುವವರಿಗೆ.

ದರ್ಜಿಗೆ ಹೇಳಬೇಕಾದದ್ದು ಹೀಗೆ. ಖಾಕಿ ಕೋಟಿನ ಎದೆಯ ಮೇಲೆ ಅಗಲವಾದ ಒಂದು ಪಟ್ಟಿ ಎಡದಿಂದ ಬಲಕ್ಕೆ ಹಾದು ಬಲಗಡೆ ಮುಚ್ಚಿಕೊಳ್ಳಬೇಕು. ಗುಂಡಿಗಳು ಪಟ್ಟಿಯ ಒಳಗೆ, ಹೊರಗೆ ಹಿತ್ತಾಳೆ ಒಂದೂ ಕಾಣಬಾರದು. ಗಾಳಿ ನುಗ್ಗದ, ತಂತಿಗೆ ಸಿಕ್ಕಿಕೊಳ್ಳದ ಅಂಗಿ ಅದು. ಆಗಿನವರು ಇದನ್ನು ತಮಾಷೆಗೆ ‘ಮೆಟರ್ನಿಟಿ ಜಾಕೆಟ್’ ಎನ್ನುತ್ತಿದ್ದರು, ಬಸುರಿಯ ಅಂಗಿಯಂತೆ ಎದೆಹೊಟ್ಟೆ ಮುಚ್ಚುತ್ತದೆಂದು. ಇದು ಹೊಲಿಸಲು ಕಷ್ಟವಾದರೆ ಸಾಮಾನ್ಯ ಖಾಕಿ ಸೈನಿಕ ಕೋಟೇ ಸಾಕು. ರೆಜಿಮೆಂಟಿನಿಂದ ಎರವಲಾಗಿ ಬಂದ ಎಷ್ಟೋ ಅಧಿಕಾರಿಗಳು ಹಳೆಯ ಕೋಟಿನ ಮೇಲೇ ರೆಕ್ಕೆ ಹೊಲಿಸಿಕೊಂಡು ಓಡಾಡುತ್ತಿದ್ದರು, ಅದು ತಪ್ಪಲ್ಲ.

ರೆಕ್ಕೆ ಎಡ ಎದೆಗೆ. ಕಪ್ಪು ಬಟ್ಟೆಯ ಮೇಲೆ ಬಿಳಿ ರೇಷ್ಮೆ ನೂಲಿನ ಎರಡು ರೆಕ್ಕೆ, ನಡುವೆ ಎಲೆಗಳ ಬಳೆಯೊಳಗೆ ಆರ್‌ಎಫ್‌ಸಿ ಅಕ್ಷರ, ಮೇಲೆ ಕಿರೀಟ. ಒಟ್ಟು ಅಗಲ ಸುಮಾರು ನಾಲ್ಕು ಇಂಚು. ಅಬ್ಸರ್ವರ್, ಅಂದರೆ ಪೈಲಟ್ ಜತೆ ಕೂತು ನೋಡುವವನು, ಆದರೆ ಒಂದೇ ರೆಕ್ಕೆ, ಅದರ ಬುಡಕ್ಕೆ ಇಂಗ್ಲಿಷಿನ ‘ಓ’. ಲೋಹದ ಫಳಫಳ ಬಿಲ್ಲೆ ಹಾಕಬೇಡಿ, ನೂಲಿನ ಕಸೂತಿಯೇ ಸರಿ. ವೇದಿಕೆಯ ದೀಪಕ್ಕೆ ಬಿಳಿ ರೇಷ್ಮೆ ಚೆನ್ನಾಗಿಯೇ ಕಾಣುತ್ತದೆ. ಭುಜದ ನಕ್ಷತ್ರ ನಮ್ಮ ಪೊಲೀಸರದ್ದರ ಹಾಗೆ: ಸೆಕೆಂಡ್ ಲೆಫ್ಟಿನೆಂಟ್‌ಗೆ ಒಂದು, ಲೆಫ್ಟಿನೆಂಟ್‌ಗೆ ಎರಡು, ಕ್ಯಾಪ್ಟನ್‌ಗೆ ಮೂರು. ಮೇಜರ್‌ಗೆ ನಕ್ಷತ್ರ ಇಲ್ಲ, ಒಂದು ಕಿರೀಟ. ದರ್ಜಿಗೆ ದರ್ಜೆ ಗೊತ್ತಿಲ್ಲದಿದ್ದರೆ ಹುಡುಗ ಎರಡನೇ ಅಂಕದಲ್ಲಿ ಬಡ್ತಿ ಇಲ್ಲದೆ ಕರ್ನಲ್ ಆಗಿಬಿಡುತ್ತಾನೆ. ಇನ್ನು ಕೊರಳಿನ ರೇಷ್ಮೆ ವಸ್ತ್ರ ಶೋಕಿಗೆ ಅಲ್ಲ: ಹಿಂದಿನಿಂದ ಶತ್ರು ಬಂದಾನೆಂದು ಕತ್ತು ತಿರುಗಿಸುತ್ತಲೇ ಇರಬೇಕಾದವನಿಗೆ ಒರಟು ಕಾಲರು ಚರ್ಮ ತರಚುತ್ತದೆ.

ಅಕ್ಕಲಕೋಟದಿಂದ ಒಬ್ಬರು: ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಬೆಳ್ಳಿಯ ಪದಕ ಸಿಕ್ಕಿತು. ಅಂಚಿನಲ್ಲಿ ಏನೋ ಅಕ್ಷರ ಇದೆ, ಕೊನೆಯಲ್ಲಿ ‘ಆರ್‌.ಎ.ಎಫ್.’ ಓದಲು ಬರುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದರೆ ಉಳಿದದ್ದೂ ಕಾಣಬಹುದೇ? ಯಾರದೆಂದು ತಿಳಿಯುವುದು ಹೇಗೆ?

ಹುಣಸೆ ದೂರ ಇಡಿ! ಹಂಡೆಗೆ ಅದು ಸರಿ, ಪದಕಕ್ಕೆ ವಿಷ. ಅಂಚಿನ ಅಕ್ಷರ ಒತ್ತಿ ಮೂಡಿಸಿದ್ದು, ಬಹಳ ತೆಳು. ಅಕ್ಷರದ ಗೀರಿನೊಳಗೆ ಕೂತ ಕಪ್ಪೇ ಅದನ್ನು ಓದಿಸುವುದು. ತಿಕ್ಕಿದರೆ ಕಪ್ಪೂ ಹೋಗುತ್ತದೆ, ಗೀರಿನ ಅಂಚೂ ಸವೆಯುತ್ತದೆ. ಹೀಗೆ ಮಾಡಿ: ಕೋಣೆ ಕತ್ತಲು ಮಾಡಿ, ಪದಕವನ್ನು ನಿಲ್ಲಿಸಿ ಹಿಡಿದು, ಟಾರ್ಚಿನ ಬೆಳಕು ಅಂಚಿಗೆ ಸವರಿಕೊಂಡು ಹೋಗುವಂತೆ ಓರೆಯಾಗಿ ಬಿಡಿ. ನೇರ ಬೆಳಕಿಗೆ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಸುತ್ತಿ ಮೆತ್ತಗಿನ ಪೆನ್ಸಿಲಿನ ಬದಿಯಿಂದ ಹಗುರವಾಗಿ ಉಜ್ಜಿ.

ಬೆಳ್ಳಿಯದು, ದುಂಡಗೆ, ಒಂದು ಮುಖದಲ್ಲಿ ಐದನೇ ಜಾರ್ಜ್, ಇನ್ನೊಂದರಲ್ಲಿ ಕುದುರೆಯ ಮೇಲೆ ಬತ್ತಲೆ ಸವಾರ ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ಲಕ್ಷಾಂತರ ಕೊಟ್ಟದ್ದು, ಆದ್ದರಿಂದ ಬೆಲೆ ಪದಕಕ್ಕಿಂತ ಹೆಸರಿಗೆ ಹೆಚ್ಚು. ಹೆಸರಿಗೆ ಮೊದಲು ಸಂಖ್ಯೆ ಇದ್ದರೆ ಅವನು ಸಾಮಾನ್ಯ ಸಿಬ್ಬಂದಿ, ಮೆಕ್ಯಾನಿಕ್ ಇರಬಹುದು. ಸಂಖ್ಯೆ ಇಲ್ಲದೆ ‘ಲೆಫ್ಟ್.’, ‘ಕ್ಯಾಪ್ಟ್.’ ಎಂದಿದ್ದರೆ ಅಧಿಕಾರಿ.

ಅಧಿಕಾರಿಯಾದರೆ ಹುಡುಕುವ ದಾರಿ ಇದೆ. ಮೊದಲು ಲಂಡನ್ ಗೆಜೆಟ್. ಅಂತರ್ಜಾಲದಲ್ಲಿ ದುಡ್ಡಿಲ್ಲದೆ ನೋಡಬಹುದು. ಪ್ರತಿ ನೇಮಕ, ಬಡ್ತಿ, ವರ್ಗಾವಣೆ ಅಲ್ಲಿ ಅಚ್ಚಾಗಲೇಬೇಕಿತ್ತು. ಆದರೆ ಗೆಜೆಟ್ ಹೊರಬಂದ ದಿನವೇ ಬೇರೆ, ಬಡ್ತಿ ಜಾರಿಯಾದ ದಿನವೇ ಬೇರೆ. ಸಾಲಿನ ಕೊನೆಯಲ್ಲಿರುವ ತಾರೀಕೇ ನಿಜವಾದದ್ದು, ಪುಟದ ಮೇಲಿನದಲ್ಲ. ತಿಂಗಳುಗಟ್ಟಲೆ ವ್ಯತ್ಯಾಸ ಇರುತ್ತದೆ. ‘ಆನ್ ಪ್ರೊಬೇಷನ್’ ಎಂದರೆ ಇನ್ನೂ ಖಾಯಂ ಆಗಿಲ್ಲ. ‘ಸೆಕೆಂಡೆಡ್’ ಎಂದರೆ ಹೆಸರು ರೆಜಿಮೆಂಟಿನಲ್ಲೇ ಉಳಿದು ಮನುಷ್ಯ ಮಾತ್ರ ಹಾರಾಟಪಡೆಗೆ ಎರವಲು. ‘ಸ್ಪೆಷಲ್ ರಿಸರ್ವ್’, ‘ಜನರಲ್ ಲಿಸ್ಟ್’ ಎಂದಿದ್ದರೆ ಯುದ್ಧಕ್ಕೆಂದು ಹೊರಗಿನಿಂದ ಬಂದವನಾಗಿರುವ ಸಂಭವ ಹೆಚ್ಚು.

ಅನಂತರ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ. 1918ರ ಏಪ್ರಿಲ್ 1ರ ಮೇಲೆ ಸೇವೆಯಲ್ಲಿದ್ದ ಅಧಿಕಾರಿಗಳ ಕಾಗದ ‘ಏರ್ 76’ ಎಂಬ ಸರಣಿಯಲ್ಲಿದೆ. ನಿಮ್ಮ ಪದಕದಲ್ಲಿ ಆರ್‌.ಎ.ಎಫ್. ಇರುವುದರಿಂದ ಮೊದಲು ಅಲ್ಲೇ ನೋಡಿ. ಒಂದೆರಡು ಹಾಳೆ ಇರುತ್ತದೆ: ಹುಟ್ಟಿದ ದಿನ, ಮನೆಯ ವಿಳಾಸ, ಯಾವ ಘಟಕಕ್ಕೆ ಯಾವ ದಿನ ಹೋದ, ಯಾವ ವಿಮಾನ ಹಾರಿಸಲು ಬರುತ್ತಿತ್ತು, ಆಸ್ಪತ್ರೆ. ಅಕ್ಷರ ಸಣ್ಣದು, ಸಂಕ್ಷೇಪ ಹೆಚ್ಚು. ಯುದ್ಧದ ನಂತರವೂ ಪಡೆಯಲ್ಲೇ ಬಹುಕಾಲ ಉಳಿದವರ ಕಾಗದ ಅಲ್ಲಿ ಸಿಗುವುದು ಕಷ್ಟ. 1918ಕ್ಕೆ ಮೊದಲೇ ಸತ್ತವರನ್ನು, ಬಿಟ್ಟವರನ್ನು ಸೈನ್ಯದ ‘ಡಬ್ಲ್ಯೂಒ 339’, ‘ಡಬ್ಲ್ಯೂಒ 374’ ಸರಣಿಗಳಲ್ಲಿ ಹುಡುಕಬೇಕು. ಅವೂ ಪೂರ್ತಿ ಕಡತಗಳಲ್ಲ. ಮೂಲ ಕಡತಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟು ಹೋಗಿ, ಉಳಿದದ್ದು ಪತ್ರವ್ಯವಹಾರ.

ಎಲ್ಲರೂ ಎಡವುವ ಜಾಗ ಒಂದೇ: ಅದೇ ಹೆಸರಿನ ಇನ್ನೊಬ್ಬ. ಸ್ಮಿತ್, ಜೋನ್ಸ್, ಬ್ರೌನ್ ಎಂದರೆ ನಮ್ಮಲ್ಲಿ ಶೆಟ್ಟಿ, ಪಾಟೀಲ ಎಂದ ಹಾಗೆ. ಇನಿಷಿಯಲ್ ಎರಡೂ ಕೂಡಿ ಬರಬೇಕು, ಜತೆಗೆ ಒಂದು ತಾರೀಕೋ ಘಟಕವೋ ತಾಳೆಯಾಗಬೇಕು. ಇಲ್ಲದಿದ್ದರೆ ಸಿಕ್ಕಿತೆಂದು ಹೇಳಬೇಡಿ.

ಆದೋನಿಯಿಂದ ಒಬ್ಬ ರೈತರು: ನಾವು ಹರಳು ಬೆಳೆಯುವವರು. ಆ ಕಾಲದ ವಿಮಾನಕ್ಕೆ ಹರಳೆಣ್ಣೆ ಹಾಕುತ್ತಿದ್ದರಂತೆ, ನಿಜವೇ? ಗಾಡಿಯ ಕೀಲಿಗೆ ಹಾಕುವುದು ಗೊತ್ತು, ವಿಮಾನಕ್ಕೆ ಯಾಕೆ?

ನಿಜ. ಆದರೆ ಎಲ್ಲ ಎಂಜಿನ್ನಿನ ಮಾತಲ್ಲ, ಮುಖ್ಯವಾಗಿ ‘ರೋಟರಿ’ ಎಂಬ ಜಾತಿಯದು. ನೋಮ್, ಲ ರೋನ್, ಕ್ಲೆರ್ಜೆ ಎಂಬ ಹೆಸರಿನವು. ಮೋಟರಿನಲ್ಲಿ ಸಾಮಾನ್ಯವಾಗಿ ಸಿಲಿಂಡರ್ ನಿಂತಿದ್ದು ಒಳಗಿನ ದಂಡ ತಿರುಗುತ್ತದೆ. ಇದರಲ್ಲಿ ಉಲ್ಟಾ: ದಂಡವನ್ನು ವಿಮಾನಕ್ಕೆ ಬಿಗಿದು, ಏಳೋ ಒಂಬತ್ತೋ ಸಿಲಿಂಡರ್‌ಗಳು ಮೂತಿಯ ಪಂಖದ (ಪ್ರೊಪೆಲರ್) ಜತೆಗೆ ಗಿರಗಿರ ಸುತ್ತುತ್ತವೆ. ಸುತ್ತುವುದರಿಂದ ಗಾಳಿ ತಾಗಿ ತಣ್ಣಗಿರುತ್ತವೆ, ನೀರು ಬೇಡ, ತೂಕ ಕಡಿಮೆ.

ಪೆಟ್ರೋಲಿನ ಆವಿ ಹೋಗುವುದು ಟೊಳ್ಳಾದ ಆ ದಂಡದ ಮೂಲಕ, ಎಂಜಿನ್ನಿನ ಹೊಟ್ಟೆಯೊಳಗಿಂದ. ಎಣ್ಣೆ ಇರುವುದೂ ಅದೇ ಹೊಟ್ಟೆಯಲ್ಲಿ. ಖನಿಜ ಎಣ್ಣೆ ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತದೆ, ಲೋಹಕ್ಕೆ ಲೋಹ ಉಜ್ಜಿ ಹಿಡಿದುಕೊಳ್ಳುತ್ತದೆ. ಹರಳೆಣ್ಣೆ ಪೆಟ್ರೋಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಕಾದರೂ ಜಿಡ್ಡು ಬಿಡುವುದಿಲ್ಲ. ಅದೇ ಗುಟ್ಟು. ತೊಂದರೆ ಏನೆಂದರೆ ಹಾಕಿದ ಎಣ್ಣೆ ಒಂದು ತೊಟ್ಟೂ ಮರಳಿ ಬರುವುದಿಲ್ಲ. ಸುತ್ತುವ ರಭಸಕ್ಕೆ ಸಿಲಿಂಡರಿನ ತುದಿಗೆ ಹೋಗಿ, ಹೊಗೆಯ ಜತೆಗೆ ಹೊರಗೆ ಎರಚುತ್ತದೆ, ಗಂಟೆಗೆ ಲೀಟರುಗಟ್ಟಲೆ. ಅದರಲ್ಲಿ ಒಂದು ಪಾಲು ಹಿಂದೆ ಕೂತ ಪೈಲಟ್‌ನ ಕನ್ನಡಕಕ್ಕೆ. ಬಿಸಿಗೆ ಒಣಗಿದ ಎಣ್ಣೆ ವಾರ್ನಿಷಿನಂತೆ ಅಂಟಿ ವಾಲ್ವ್ ಹಿಡಿದುಕೊಳ್ಳುವುದು ಇನ್ನೊಂದು ಗೋಳು. ಅದಕ್ಕೆಂದೇ ಎಂಜಿನ್ನನ್ನು ಆಗಾಗ ಪೂರ್ತಿ ಬಿಚ್ಚಿ ತೊಳೆಯಬೇಕಿತ್ತು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗುವುದು ನಿಮಗೆ ಹೇಳಬೇಕಾಗಿಲ್ಲ. ಬಿಸಿ ಮಾಡಿ ಹಾಕುತ್ತಿದ್ದರು.

(ಇದಕ್ಕೆ ನಮ್ಮಲ್ಲೇ ಇನ್ನೊಬ್ಬರ ಒಗ್ಗರಣೆ: ಹೊಗೆ ಕುಡಿದ ಪೈಲಟ್‌ಗಳಿಗೆಲ್ಲ ಭೇದಿ ಹತ್ತುತ್ತಿತ್ತು ಎಂಬುದನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ಒಂದಿಷ್ಟು ಹೊಟ್ಟೆ ಕೆಟ್ಟಿರಬಹುದು. ಆದರೆ ಎಣ್ಣೆಯ ಬಹುಪಾಲು ಹಿಂದಕ್ಕೆ, ಕೆಳಕ್ಕೆ ಹೋಗುವಂತೆ ಎಂಜಿನ್ನಿಗೆ ತಗಡಿನ ಮುಸುಕು ಇತ್ತು. ಕಥೆ ಎಣ್ಣೆಗಿಂತ ಹೆಚ್ಚು ಜಾರಿದೆ.)

ಹೊಸೂರಿನಿಂದ ಒಬ್ಬ ವಿದ್ಯಾರ್ಥಿನಿ: ಶತ್ರುವನ್ನು ನೋಡುವ ಮೊದಲೇ, ತರಬೇತಿಯಲ್ಲೇ ಅಷ್ಟೊಂದು ಮಂದಿ ಸತ್ತದ್ದು ಯಾಕೆ?

ಎರಡು ತಪ್ಪು ಮತ್ತೆ ಮತ್ತೆ ಕೊಂದವು. ಮೊದಲನೆಯದು, ಏರುವಾಗ ಎಂಜಿನ್ ಕೈಕೊಟ್ಟರೆ ಮೈದಾನಕ್ಕೆ ಮರಳಲು ತಿರುಗಿಸುವುದು. ವೇಗ ಮೊದಲೇ ಕಡಿಮೆ. ವಾಲಿಸಿದಾಗ ಒಳಗಿನ ರೆಕ್ಕೆಗೆ ಎತ್ತುವ ಶಕ್ತಿ ಹೋಗಿ ವಿಮಾನ ಬುಗುರಿಯಂತೆ ಸುತ್ತಿ ಬೀಳುತ್ತದೆ, ಸರಿಮಾಡಲು ಎತ್ತರ ಇಲ್ಲ. ಎದುರಿಗೆ ಗದ್ದೆಯೋ ಬೇಲಿಯೋ ಏನಿದ್ದರೂ ನೇರ ಇಳಿಯುವುದೇ ಜೀವ ಉಳಿಸುವ ದಾರಿ. ಎರಡನೆಯದು ಈ ಸುತ್ತು, ಅಂದರೆ ಸ್ಪಿನ್. ಮೂತಿ ಕೆಳಗಾದಾಗ ಕೈ ತಾನಾಗಿ ಹಿಡಿತದ ಕೋಲನ್ನು ಹೊಟ್ಟೆಗೆ ಎಳೆಯುತ್ತದೆ. ಅದರಿಂದ ಸುತ್ತು ಇನ್ನೂ ಬಿಗಿಯುತ್ತದೆ. ಮಾಡಬೇಕಾದದ್ದು ಮನಸ್ಸು ಒಪ್ಪದ ಕೆಲಸ: ಎಂಜಿನ್ ತಗ್ಗಿಸಿ, ಸುತ್ತಿನ ಎದುರು ದಿಕ್ಕಿಗೆ ಕಾಲಿನಿಂದ ರಡರ್, ಅಂದರೆ ಬಾಲದ ಚುಕ್ಕಾಣಿ, ಒತ್ತಿ, ಕೋಲನ್ನು ಮುಂದಕ್ಕೆ ದೂಡುವುದು. ಸುತ್ತು ನಿಂತ ಮೇಲೆ ರಡರ್ ನಡುವಿಗೆ ತಂದು, ನಿಧಾನವಾಗಿ ಮೇಲೆತ್ತುವುದು.

ಇದನ್ನು ಹೆದರಿಕೆಯ ಗುಟ್ಟಾಗಿ ಇಡದೆ ಪಾಠವಾಗಿ ಮಾಡಿದ ಅಧಿಕಾರಿ ರಾಬರ್ಟ್ ಸ್ಮಿತ್-ಬ್ಯಾರಿ. 1914ರ ಆಗಸ್ಟ್‌ನಲ್ಲಿ, ಯುದ್ಧ ಶುರುವಾದ ತಿಂಗಳಲ್ಲೇ, ಫ್ರಾನ್ಸಿನ ಪೆರೋನ್ ಬಳಿ ವಿಮಾನ ಬಿದ್ದು ಎರಡೂ ಕಾಲು ಮುರಿದವರು. ಗುಣವಾಗಿ ಬಂದು 1916ರಲ್ಲಿ 60ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದರು. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ಹಾರಲೇ ಬರುವುದಿಲ್ಲವೆಂದು ಮೇಲಿನವರಿಗೆ ಬರೆದೂ ಬರೆದೂ, ಕೊನೆಗೆ ಇಂಗ್ಲೆಂಡಿನ ಗಾಸ್ಪೋರ್ಟ್ ಎಂಬಲ್ಲಿ ತಮ್ಮದೇ ಪದ್ಧತಿ ಶುರುಮಾಡಿದರು. ಆವ್ರೋ 504 ವಿಮಾನ, ಇಬ್ಬರಿಗೂ ಹಿಡಿತದ ಕೋಲು, ಶಿಷ್ಯ ಕೂರುವುದು ಪೈಲಟ್‌ನ ಸೀಟಿನಲ್ಲೇ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಒಂದು ಕೊಳವೆ. ಎಂಜಿನ್ ಸದ್ದಿನಲ್ಲಿ ಬೆನ್ನಿಗೆ ಗುದ್ದಿ ತಿಳಿಸುವ ಹಳೆಯ ಪದ್ಧತಿ ಹೋಯಿತು. ಅಪಾಯದ ಆಟಗಳನ್ನು ಬೇಕೆಂದೇ ಎತ್ತರದಲ್ಲಿ ಮಾಡಿಸಿ, ಬಿಡಿಸಿಕೊಳ್ಳಲು ಕಲಿಸುತ್ತಿದ್ದರು. ಟ್ರೆಂಚರ್ಡ್ ಅವರಷ್ಟು ನಕ್ಷತ್ರ ಇವರ ಭುಜ ಏರಲಿಲ್ಲ. ಆದರೆ ಹೆಚ್ಚು ಜೀವ ಉಳಿಸಿದವರು ಇವರೆಂದೇ ನಮ್ಮ ಅಭಿಪ್ರಾಯ.

ತಾಳವಾಡಿಯಿಂದ: ಆಗ ಭಾರತದಲ್ಲಿ ಸೇನೆಯ ಹಾರಾಟ ಶಾಲೆ ಇತ್ತೇ?

ಇತ್ತು, ಸಂಯುಕ್ತ ಪ್ರಾಂತ್ಯದ (ಈಗಿನ ಉತ್ತರ ಪ್ರದೇಶ) ಸೀತಾಪುರದಲ್ಲಿ, 29ನೇ ಪಂಜಾಬೀಸ್ ರೆಜಿಮೆಂಟಿನ ಕ್ಯಾಪ್ಟನ್ ಮ್ಯಾಸಿ ಅವರ ಕೈಕೆಳಗೆ. ಯುದ್ಧ ಬಂದು ಅದು ಬೇರೂರಲೇ ಇಲ್ಲ. ಅಲ್ಲಿನ ಮಂದಿಯನ್ನು 1914ರ ಕೊನೆಗೆ ಸೂಯೆಜ್ ಕಾಲುವೆ ಕಾಯಲು ಈಜಿಪ್ಟಿಗೆ ಕಳಿಸಿದರು. ಆರ್‌ಎಫ್‌ಸಿಯ ಮೊದಲ ಸ್ಕ್ವಾಡ್ರನ್, 31ನೆಯದು, ಭಾರತಕ್ಕೆ ಬಂದಿಳಿದದ್ದು 1915ರ ಡಿಸೆಂಬರ್‌ನಲ್ಲಿ.

ಜತ್ತದಿಂದ: ಆ ಯುದ್ಧದ ಭಾರತೀಯ ಪೈಲಟ್ ಇಂದ್ರ ಲಾಲ್ ರಾಯ್ ಹತ್ತು ವಿಮಾನ ಕೆಡವಿದರು ಎನ್ನುತ್ತಾರೆ. ನನ್ನ ಗೆಳೆಯ ಐದೇ ಎಂದು ವಾದಿಸುತ್ತಾನೆ. ಅವರ ದರ್ಜೆ ಏನು?

ಇಬ್ಬರೂ ಸರಿ. ಆಗಿನ ಲೆಕ್ಕದಲ್ಲಿ ‘ನಾಶ’ ಒಂದು ಬಗೆ, ‘ಹಿಡಿತ ತಪ್ಪಿ ಬಿದ್ದದ್ದು’ ಇನ್ನೊಂದು. ಶತ್ರು ವಿಮಾನ ಸುತ್ತುತ್ತ ಮೋಡದೊಳಗೆ ಇಳಿದು ಮಾಯವಾದರೆ, ನೆಲಕ್ಕೆ ಅಪ್ಪಳಿಸಿದ್ದನ್ನು ಯಾರೂ ನೋಡದಿದ್ದರೂ, ಎರಡನೆಯ ಬಗೆಯಲ್ಲಿ ಗೆಲುವೆಂದು ಬರೆಯುತ್ತಿದ್ದರು. ರಾಯ್ ಅವರ ಹತ್ತರಲ್ಲಿ ಐದು ನಾಶ, ಐದು ಹಿಡಿತ ತಪ್ಪಿದ್ದು. ಎಲ್ಲವೂ 1918ರ ಜುಲೈ ತಿಂಗಳ ಎರಡು ವಾರಗಳೊಳಗೆ, 40ನೇ ಸ್ಕ್ವಾಡ್ರನ್ನಿನ ಎಸ್‌.ಇ.5ಎ ವಿಮಾನದಲ್ಲಿ. ಅದರದು ನೀರಿನಿಂದ ತಣಿಯುವ, ನಿಂತ ಎಂಜಿನ್; ಆದೋನಿಯವರು ಕೇಳಿದ ರೋಟರಿ ಅಲ್ಲ. 1917ರ ಜುಲೈನಲ್ಲಿ ಆರ್‌ಎಫ್‌ಸಿಯ ಸೆಕೆಂಡ್ ಲೆಫ್ಟಿನೆಂಟ್. 1918ರ ಜುಲೈ 22ರಂದು ಫ್ರಾನ್ಸಿನ ಕಾರ್ವಾಂ ಮೇಲೆ ಹೋರಾಡುತ್ತ ಸತ್ತಾಗ ಆರ್‌ಎಎಫ್‌ನ ಲೆಫ್ಟಿನೆಂಟ್, ವಯಸ್ಸು 19. ‘ಫ್ಲೈಯಿಂಗ್ ಆಫೀಸರ್ ರಾಯ್’ ಎಂದು ಎಲ್ಲಾದರೂ ಅಚ್ಚಾಗಿದ್ದರೆ, ಬದಿಯಡ್ಕದ ಮಾಸ್ತರಿಗೆ ಕೊಟ್ಟ ಉತ್ತರವನ್ನು ಗೆಳೆಯನಿಗೂ ತೋರಿಸಿ.